ತಿಂಗಳ ಖರ್ಚಿಗೆ ಬಾಂಡ್ ಫಂಡು ಆದೀತೇ?

ನಮ್ಮ ಸಿರುಗುಪ್ಪ ಸೀಮೆಯಲ್ಲಿ ದುಡ್ಡಿನ ಮುಖ ಕಾಣುವುದು ಭತ್ತ ಮಾರಿದಾಗ. ಕಾಲುವೆ ನೀರು ಚೆನ್ನಾಗಿ ಬಂದರೆ ವರ್ಷಕ್ಕೆ ಎರಡು ಸಲ, ಇಲ್ಲದಿದ್ದರೆ ಒಂದೇ ಸಲ. ಆದರೆ ಹಾಲು, ಕಿರಾಣಿ, ಮಕ್ಕಳ ಫೀಸು, ಅತ್ತೆಯವರ ಮಾತ್ರೆ ಕಾಯುತ್ತವೆಯೇ? ಸುಗ್ಗಿಯ ಹಣವನ್ನೋ ಯಜಮಾನರ ನಿವೃತ್ತಿ ಹಣವನ್ನೋ ಎಲ್ಲಿಟ್ಟರೆ ತಿಂಗಳಿಗಿಷ್ಟು ಕೈಗೆ ಬಂದೀತು ಎಂಬುದು ಮನೆ ನಡೆಸುವ ನಮ್ಮೆಲ್ಲರ ಚಿಂತೆ. "ಕಾರ್ಪೊರೇಟ್ ಬಾಂಡ್ ಫಂಡಿಗೆ ಹಾಕಿ ಅಮ್ಮ" ಅಂತ ಯಾರಾದರೂ ಹೇಳಿದರೆ, ಹಾಕುವ ಮುನ್ನ ಅದೇನೆಂದು ತಿಳಿದುಕೊಳ್ಳಿ.

ಬಾಂಡ್ ಅಂದರೇನು?

ಬಾಂಡ್ ಅಂದರೆ ಸಾಲಪತ್ರ. ಇಷ್ಟು ಬಡ್ಡಿ, ಇಂಥ ದಿನ ಅಸಲು ಎಂದು ಕಂಪನಿ ಬರೆದುಕೊಡುತ್ತದೆ. ಹಲವರ ಹಣ ಸೇರಿಸಿ ಇಂಥ ಹಲವು ಪತ್ರಗಳನ್ನು ಕೊಳ್ಳುವುದೇ ಬಾಂಡ್ ಫಂಡು. ಸಾಲ ಪಡೆದವರ ಯೋಗ್ಯತೆಗೆ ರೇಟಿಂಗ್ ಸಂಸ್ಥೆಗಳು ದರ್ಜೆ ಕೊಡುತ್ತವೆ. ಟ್ರಿಪಲ್ ಎ ಎಲ್ಲಕ್ಕಿಂತ ಮೇಲು, ಡಬಲ್ ಎ ಪ್ಲಸ್ ಅದರ ನಂತರದ್ದು. ಕಾರ್ಪೊರೇಟ್ ಬಾಂಡ್ ಫಂಡ್ ಎಂಬ ಹೆಸರಿಟ್ಟುಕೊಂಡರೆ ಕನಿಷ್ಠ ಶೇಕಡಾ 80 ಹಣವನ್ನು ಈ ಎರಡು ದರ್ಜೆಯಲ್ಲೇ ಹೂಡಬೇಕೆಂದು ಸೆಬಿ 2017ರಲ್ಲಿ ನಿಯಮ ಮಾಡಿತು.

ಹೆಚ್ಚಿನ ಬಡ್ಡಿಯ ಆಸೆ ಬೇಡ

ಕೆಳದರ್ಜೆಯವರಿಗೆ ಸಾಲ ಕೊಟ್ಟರೆ ಬಡ್ಡಿ ಹೆಚ್ಚು, ನಿಜ. ಆದರೆ ನೋಡಿ, 2020ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್‌ಟನ್ ಸಂಸ್ಥೆ ಇಂಥ ಸಾಲಪತ್ರಗಳು ಹೆಚ್ಚಿದ್ದ 6 ಯೋಜನೆಗಳನ್ನು ಒಮ್ಮೆಲೇ ಮುಚ್ಚಿತು. ಸುಮಾರು 25 ಸಾವಿರ ಕೋಟಿ ರೂಪಾಯಿ ಸಿಕ್ಕಿಬಿತ್ತು. ಹಣ ಹಾಕಿದವರ ಒಪ್ಪಿಗೆ ಇಲ್ಲದೆ ಹೀಗೆ ಮುಚ್ಚುವಂತಿಲ್ಲ ಎಂದು ನಮ್ಮ ಕರ್ನಾಟಕ ಹೈಕೋರ್ಟೇ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. ಹಣ ಕಂತುಗಳಲ್ಲಿ ಬಂತು. ಮೊದಲ ಕಂತು ಬಂದದ್ದು 2021ರ ಫೆಬ್ರವರಿಯಲ್ಲಿ. ಅಷ್ಟು ತಿಂಗಳು ಅದನ್ನೇ ನಂಬಿದ ಮನೆಯ ಒಲೆ ಉರಿಯುವುದು ಹೇಗೆ?

ಮೇಲಿನ ದರ್ಜೆಯೂ ಪೂರ್ತಿ ಭದ್ರವೇನಲ್ಲ. ಐಎಲ್ ಅಂಡ್ ಎಫ್‌ಎಸ್ ಎಂಬ ಕಂಪನಿ 2018ರ ಆಗಸ್ಟ್‌ವರೆಗೂ ಟ್ರಿಪಲ್ ಎ, ಸೆಪ್ಟೆಂಬರ್‌ನಲ್ಲಿ ಬಾಕಿದಾರ! ಆದ್ದರಿಂದ ಹಲವು ಕಂಪನಿಗಳಿಗೆ ಹಂಚಿದ ಫಂಡನ್ನೇ ಆರಿಸಿ.

ಬೆಲೆ ಏಕೆ ಇಳಿಯುತ್ತದೆ?

ಮೂರು ವರ್ಷಕ್ಕೆ ಗದ್ದೆ ಗುತ್ತಿಗೆ ಕೊಟ್ಟಿದ್ದೀರಿ. ಮರುವರ್ಷ ಪಕ್ಕದ ಗದ್ದೆ ಹೆಚ್ಚು ಚೀಲಕ್ಕೆ ಹೋಯಿತು. ಆಗ ನಿಮ್ಮ ಪತ್ರಕ್ಕೆ ಬೆಲೆ ಕಡಿಮೆ ತಾನೇ? ಬಾಂಡೂ ಹಾಗೆಯೇ. ಹೊರಗೆ ಬಡ್ಡಿ ಏರಿದರೆ ಹಳೆಯ ಬಾಂಡಿನ ಬೆಲೆ ಇಳಿಯುತ್ತದೆ. ಹೀಗಾಗಿ ಮೂರು ವರ್ಷವಾದರೂ ಮುಟ್ಟದ ಹಣ ಮಾತ್ರ ಇದಕ್ಕೆ ಸರಿ.

ತಿಂಗಳಿಗೆ ಎಷ್ಟು ತೆಗೆಯಬೇಕು?

ತಿಂಗಳಿಗಿಷ್ಟು ಎಂದು ಬರೆದುಕೊಟ್ಟರೆ ಅಷ್ಟು ನಿಮ್ಮ ಖಾತೆಗೆ ಬರುತ್ತದೆ. ಇದಕ್ಕೆ ಎಸ್.ಡಬ್ಲ್ಯು.ಪಿ. ಎನ್ನುತ್ತಾರೆ. 5 ಲಕ್ಷ ಹಾಕಿ ತಿಂಗಳಿಗೆ 2,500 ತೆಗೆದರೆ ವರ್ಷಕ್ಕೆ 30,000, ಅಂದರೆ ಶೇಕಡಾ 6. ಫಂಡು ಆ ವರ್ಷ ಶೇಕಡಾ 4 ಮಾತ್ರ ದುಡಿದರೆ ಹತ್ತಿರ ಹತ್ತಿರ 10,000 ಅಸಲಿನಿಂದಲೇ ಹೋಯಿತೆಂದು ತಿಳಿಯಿರಿ. ಬಿತ್ತನೆ ಬೀಜ ಬೇಯಿಸಿ ಉಂಡಂತೆ! ಅದಕ್ಕೇ ಕೈ ಬಿಗಿಹಿಡಿದು ತೆಗೆಯಿರಿ.

ನೆನಪಿಡಿ

* ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಉಂಟು, ಫಂಡಿಗೆ ಇಲ್ಲ.
* ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲೇ ಇರಲಿ.
* 2023ರ ಏಪ್ರಿಲ್ 1ರ ನಂತರ ಹಾಕಿದ ಹಣದ ಲಾಭಕ್ಕೆ ನಿಮ್ಮ ಆದಾಯದ ದರದಲ್ಲೇ ತೆರಿಗೆ.
* ಖಾತೆಯಲ್ಲಿ ನಿಮ್ಮ ಹೆಸರೂ ನಾಮಿನಿಯ ಹೆಸರೂ ಇರಲಿ.

ಸಹಿ ಹಾಕುವ ಮುನ್ನ "ಯಾವ ದರ್ಜೆಯ ಸಾಲ ಎಷ್ಟೆಷ್ಟು ಇದೆ, ಪಟ್ಟಿ ತೋರಿಸಿ" ಅಂತ ಕೇಳಿ. ಮಾಸಪಟ್ಟಿ ಕೊಡುವುದು ಅವರ ಕರ್ತವ್ಯ. ಅಕ್ಕಿ ಕೊಳ್ಳುವಾಗ ಹಿಡಿ ತೆಗೆದು ನೋಡುವ ನಮಗೆ ಇದೇನು ಕಷ್ಟವೇ?