ಮಗನ ಗಿಟಾರು, ಹೆಡ್‌ಫೋನು ಮತ್ತು ಕಿವಿ

ಈ ಮಾಲಿಕೆಯಲ್ಲಿ ಬಿಪಿ, ಶುಗರ್, ಮೊಣಕಾಲು ನೋವು ಎಂದು ಓದಿ ರೂಢಿಯಾದವರಿಗೆ ಇವತ್ತಿನ ವಿಷಯ ಹೊಸದೆನಿಸಬಹುದು. ಆದರೆ ಡೊಂಬಿವಿಲಿ, ಮುಲುಂಡ್, ಭಾಯಂದರ್, ನವಿ ಮುಂಬೈ ಎಲ್ಲೇ ಇರಲಿ, ನಿಮ್ಮ ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು, ಹೆಡ್‌ಫೋನ್ ಏರಿಸಿ, ರಾತ್ರಿ ಊಟದ ನಂತರ ಲ್ಯಾಪ್‌ಟಾಪ್ ಮುಂದೆ ಕೂರುವ ಮಗನೋ ಮಗಳೋ ಇದ್ದರೆ ದಯವಿಟ್ಟು ಕೊನೆಯವರೆಗೆ ಓದಿ. ಓದಿ, ಅವರಿಗೂ ಫಾರ್ವರ್ಡ್ ಮಾಡಿ.

ಮೊದಲು ಹಿರಿಯರಿಗೆ ಎರಡು ಮಾತು. ಮೆಟಲ್ ಅಂದರೆ ಉದ್ದ ಕೂದಲು, ಕಪ್ಪು ಟೀ ಶರ್ಟ್, ಅರಚಾಟ, ಹುಡುಗ ಕೆಟ್ಟ ಎಂದು ಗಾಬರಿಯಾಗಬೇಡಿ. 2000ದಲ್ಲಿ ಶುರುವಾದ ಡೆಮಾನಿಕ್ ರೆಸರೆಕ್ಷನ್ ಎಂಬ ಮೆಟಲ್ ತಂಡ ಇದೇ ಮುಂಬೈಯದು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡ ನುಡಿಸಿದ್ದು ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ. ಇಂಥ ತಂಡಗಳ ಹಾಡನ್ನು ಸ್ವರ ಬಿಡದೆ ಕಲಿತು, ಮನೆಯಲ್ಲೇ ರೆಕಾರ್ಡ್ ಮಾಡುವುದಕ್ಕೆ ಕವರ್ ಎನ್ನುತ್ತಾರೆ. ವೀಣೆ ಕಲಿಯುವವರು ಒಂದೇ ವರ್ಣವನ್ನು ತಿಂಗಳುಗಟ್ಟಲೆ ತಿದ್ದುವುದಿಲ್ಲವೇ, ಇದೂ ಹಾಗೆಯೇ ಬೆವರು ಬೇಡುವ ಸಾಧನೆ. ನನ್ನ ಅಭಿಪ್ರಾಯದಲ್ಲಿ ರೀಲ್ಸ್ ನೋಡುತ್ತಾ ಮಲಗುವುದಕ್ಕಿಂತ ಸಾವಿರ ಪಾಲು ಮೇಲು.

ಹಾಗಾದರೆ ತೊಂದರೆ ಎಲ್ಲಿ? ನಮ್ಮ ಮನೆಗಳ ಅಳತೆಯಲ್ಲಿ. ಒನ್ ಬಿಎಚ್‌ಕೆಯಲ್ಲಿ ಆಂಪ್ಲಿಫೈಯರ್ ಹಚ್ಚಿದರೆ ಐದು ನಿಮಿಷದಲ್ಲಿ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಸರಕಾರದ 2000ದ ಶಬ್ದ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರ ನಂತರ 45 ಡೆಸಿಬೆಲ್ ಮಾತ್ರ ಮಿತಿ. ಹಾಗಾಗಿ ಗಿಟಾರನ್ನು ಚಿಕ್ಕ ಡಬ್ಬಿಯಂಥ ಇಂಟರ್‌ಫೇಸ್‌ಗೆ ಸಿಕ್ಕಿಸಿ, ಅಲ್ಲಿಂದ ಲ್ಯಾಪ್‌ಟಾಪಿಗೆ ಕೊಟ್ಟು, ಹೆಡ್‌ಫೋನಿನಲ್ಲಿ ಕೇಳುತ್ತಾ ನುಡಿಸುತ್ತಾರೆ. ಹೊರಗೆ ಕೇಳುವುದು ತಂತಿಯ ಟಿಕ್‌ಟಿಕ್ ಅಷ್ಟೇ. ಸೊಸೈಟಿಗೆ ಸಮಾಧಾನ, ಅಮ್ಮನಿಗೂ ಸಮಾಧಾನ. ಒಳಗೆ ಕಿವಿಯ ಮೇಲೆ ಏನು ನಡೆಯುತ್ತಿದೆ ಎಂಬುದು ಯಾರಿಗೂ ಕಾಣುವುದಿಲ್ಲ.

ಇಂಗ್ಲೆಂಡಿನ 'ದಿ ಹೂ' ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ವೇದಿಕೆಯ ಮೇಲೆ ಭಾರೀ ಸದ್ದು ಮಾಡುವುದಕ್ಕೆ ಹೆಸರಾದವರು. ಆದರೆ ತಮ್ಮ ಕಿವಿ ಹಾಳಾದದ್ದಕ್ಕೆ ಅವರು 2006ರಲ್ಲಿ ದೂರಿದ್ದು ವೇದಿಕೆಯನ್ನಲ್ಲ, ರೆಕಾರ್ಡಿಂಗ್ ಸ್ಟುಡಿಯೊದ ಹೆಡ್‌ಫೋನನ್ನು.

*ಲೆಕ್ಕ ಹೀಗಿದೆ.* ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರ ಕಿವಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ತಾಳಿಕೊಳ್ಳುತ್ತದೆ. ಮಕ್ಕಳಿಗೆ ಈ ಮಿತಿ 75 ಡೆಸಿಬೆಲ್. ಸದ್ದು 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಕೇವಲ ಎರಡೂವರೆ ಗಂಟೆ. ಅಂದರೆ ಭಾನುವಾರದ ಒಂದೇ ಮಧ್ಯಾಹ್ನದಲ್ಲಿ ಇಡೀ ವಾರದ ಪಾಲು ಮುಗಿದುಹೋಗಬಹುದು.

ಮೆಟಲ್ ನುಡಿಸುವವರಿಗೆ ಇದು ಇನ್ನೂ ಬೇಗ ಮುಗಿಯುತ್ತದೆ. ಡಿಸ್ಟಾರ್ಷನ್ ಹಾಕಿದ ಗಿಟಾರಿನಲ್ಲಿ ಏರಿಳಿತ ಕಡಿಮೆ, ಸದ್ದು ಗೋಡೆಯ ಹಾಗೆ ಒಂದೇ ಸಮ ನಿಲ್ಲುತ್ತದೆ, ಕಿವಿಗೆ ಬಿಡುವಿಲ್ಲ. ಅದರ ಮೇಲೆ ತಾಳ ತಪ್ಪದಿರಲು ಕ್ಲಿಕ್ ಸದ್ದು ಬೇಕು. ಗಿಟಾರಿನ ನಡುವೆ ಅದು ಕೇಳಿಸದಾಗ ವಾಲ್ಯೂಮ್ ಏರುತ್ತದೆ. ಜೊತೆಗೆ ಒಂದೇ ಭಾಗವನ್ನು ಎರಡು ಸಲ ನುಡಿಸಿ ಎಡಗಿವಿಗೊಂದು, ಬಲಗಿವಿಗೊಂದು ಕೂರಿಸುವುದು ಈ ಸಂಗೀತದ ಪದ್ಧತಿ. ಒಂದು ಕಡೆ ಸರಿ ಬರಲು ಇಪ್ಪತ್ತು ಸಲ ನುಡಿಸಿದವನು ಇನ್ನೊಂದು ಕಡೆಗೆ ಮತ್ತೆ ಇಪ್ಪತ್ತು ಸಲ ನುಡಿಸಬೇಕು. ಕಾಲೇಜಿಗೆ ಹೋಗಿಬರುವಾಗ ಲೋಕಲ್ ಗದ್ದಲವನ್ನು ಮುಚ್ಚಲು ಇಯರ್‌ಫೋನ್ ಜೋರು ಮಾಡಿದ್ದರೆ ಅದೂ ಇದೇ ಖಾತೆಗೆ.

ಫೋನು 'ಸದ್ದು ಜಾಸ್ತಿಯಾಯಿತು' ಎಂದು ಎಚ್ಚರಿಸುತ್ತದಲ್ಲ ಎನ್ನಬೇಡಿ. ಇಂಟರ್‌ಫೇಸಿನಿಂದ ನೇರವಾಗಿ ಬರುವ ಸದ್ದು ಫೋನಿನ ಲೆಕ್ಕಕ್ಕೆ ಸಿಗುವುದಿಲ್ಲ. ಸುಲಭ ಉಪಾಯವೊಂದಿದೆ. ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತಿರುವಾಗ ಒಂದು ಕೈಯಳತೆ ದೂರದಿಂದ ಅಮ್ಮ ಸಾಧಾರಣ ದನಿಯಲ್ಲಿ ಕರೆದರೆ ಗೊತ್ತಾಗುವಷ್ಟಕ್ಕೆ ವಾಲ್ಯೂಮ್ ಇಳಿಸಿ, ಆ ಜಾಗದಲ್ಲಿ ನಾಬ್ ಮೇಲೆ ಬಣ್ಣದ ಟೇಪಿನ ಗುರುತು ಹಾಕಿ. ಕ್ಲಿಕ್ ಕೇಳಿಸದಿದ್ದರೆ ಗಿಟಾರಿನ ಸದ್ದನ್ನು ತಗ್ಗಿಸಬೇಕೇ ಹೊರತು ನಾಬ್ ಗುರುತು ದಾಟಬಾರದು.

ಅದಕ್ಕಿಂತಲೂ ಒಳ್ಳೆಯದು, ಕಲಿಯುವುದನ್ನೂ ರೆಕಾರ್ಡ್ ಮಾಡುವುದನ್ನೂ ಬೇರೆ ಮಾಡುವುದು. ಎಲೆಕ್ಟ್ರಿಕ್ ಗಿಟಾರನ್ನು ಯಾವುದಕ್ಕೂ ಸಿಕ್ಕಿಸದೆ ನುಡಿಸಿದರೆ ಪಕ್ಕದ ಕೋಣೆಗೂ ಸರಿಯಾಗಿ ಕೇಳುವುದಿಲ್ಲ. ಕೈಗೆ ಕೂರುವವರೆಗೆ ಹೆಡ್‌ಫೋನಿಲ್ಲದೆ, ನಿಧಾನ ಗತಿಯಲ್ಲಿ ಅಭ್ಯಾಸ ಮಾಡಲಿ. ರೆಕಾರ್ಡಿಂಗ್ ದಿನ ಮಾತ್ರ ಹೆಡ್‌ಫೋನ್ ಏರಲಿ, ಅದೂ ಅರ್ಧ ಗಂಟೆಗೊಮ್ಮೆ ಕಳಚಿ ಗ್ಯಾಲರಿಯಲ್ಲಿ ಐದು ನಿಮಿಷ ನಿಂತು ಬರಲಿ. ಮಧ್ಯರಾತ್ರಿ ದಾಟಿದ ಮೇಲೆ ನುಡಿಸಿದ್ದು ಹೇಗೂ ಮರುದಿನ ಕೇಳಿದರೆ ಅಷ್ಟಕ್ಕಷ್ಟೇ.

*ಕೈಯ ವಿಷಯ.* ಲೋಕಲ್‌ನಲ್ಲಿ ಒಂದು ಗಂಟೆ ಹಿಡಿಕೆಗೆ ಜೋತುಬಿದ್ದು ಬಂದ ಕೈಯಿಂದಲೇ ವೇಗದ ಮೆಟಲ್ ನುಡಿಸಲು ಕೂರಬಾರದು. ಹತ್ತು ನಿಮಿಷ ನಿಧಾನವಾಗಿ ನುಡಿಸಿ ಕೈ ಬೆಚ್ಚಗಾಗಲಿ. ಮಂಚದ ಅಂಚಿನಲ್ಲಿ ಗೂನಾಗಿ ಕೂತು ಮಣಿಕಟ್ಟು ಮಡಚುವ ಬದಲು, ಕುರ್ಚಿಯಲ್ಲಿ ಕೂತು ಪಟ್ಟಿಯನ್ನು ಹೆಗಲಿಗೆ ಹಾಕಿಕೊಳ್ಳಲಿ. ಮೆಟಲ್ ಸಂಗೀತದ ಮೂಲಪುರುಷರಲ್ಲೊಬ್ಬರಾದ ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಅವರು ಎಡಚರು, ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ಶ್ರುತಿ ಇಳಿಸಿ ತಂತಿಯ ಬಿಗಿ ತಗ್ಗಿಸಿದರು. ಇಂದಿನ ಹುಡುಗರು ಮೆಚ್ಚುವ ಆ ಗಂಭೀರ ಇಳಿದನಿಯಲ್ಲಿ ಆ ನೋವಿನ ಪಾಲೂ ಇದೆ. ಹಾಗಾಗಿ ತೆಳು ತಂತಿ ಹಾಕುವುದು ನಾಚಿಕೆಯ ಮಾತಲ್ಲ. ಬೆರಳ ತುದಿ ಉರಿಯುವುದು ಸಹಜ, ಆದರೆ ಮಣಿಕಟ್ಟು ನೋಯುವುದು, ಬೆಳಗ್ಗೆ ಎದ್ದಾಗ ಬೆರಳು ಜೋಮು ಹಿಡಿದಿರುವುದು ಸಹಜವಲ್ಲ. ವಾರ ನಿಲ್ಲಿಸಿಯೂ ಹೋಗದಿದ್ದರೆ ಮೂಳೆ ಡಾಕ್ಟರರಿಗೆ ತೋರಿಸಿ.

ತಂತಿ ಮುಟ್ಟಿದಾಗ ಜುಮ್ ಎಂದರೆ ಪ್ಲಗ್ ತೆಗೆದು ನುಡಿಸುವುದನ್ನು ನಿಲ್ಲಿಸಿ. ಹಳೆಯ ಚಾಳು, ಹಳೆಯ ಕಟ್ಟಡಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ.

ಕೊನೆಯದಾಗಿ ಕಿವಿಯ ಲಕ್ಷಣಗಳು. ನುಡಿಸಿ ಎದ್ದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು, ಹತ್ತಿ ತುರುಕಿದಂತೆ ಮಂದವಾಗುವುದು ಎಚ್ಚರಿಕೆಯ ಗಂಟೆ. ಮರುದಿನಕ್ಕೆ ಸರಿಹೋಯಿತೆಂದು ಮರೆಯಬೇಡಿ. ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗುಂಯ್ ಸದ್ದು ಎರಡು ದಿನ ಮೀರಿದರೆ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದೇ ದಿನ ಹೋಗಿ, ತಡವಾದಷ್ಟೂ ಚಿಕಿತ್ಸೆ ಕಷ್ಟ. ಶ್ರವಣ ಪರೀಕ್ಷೆಗೆ ಬಾಂದ್ರಾ ರಿಕ್ಲಮೇಷನ್‌ನಲ್ಲಿ ಕೇಂದ್ರ ಸರಕಾರದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ರಜೆಗೆ ಊರ ಕಡೆ ಹೋಗುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಹೋಗುವಾಗ ಆ ಹೆಡ್‌ಫೋನನ್ನೂ ಜೊತೆಗೆ ಒಯ್ಯಿರಿ, ಎಷ್ಟು ಜೋರಾಗಿ ಕೇಳುತ್ತೇನೆಂದು ಮಗನೇ ತೋರಿಸಲಿ.