ಒಮ್ದುರ್ಮಾನಿನ ಉಕ್ಕಿನಂಗಿ

ಮೂಗಿನ ಮೇಲೆ ಇಳಿಬಿದ್ದ ಕಬ್ಬಿಣದ ಪಟ್ಟಿ, ಕತ್ತನ್ನು ಮುಚ್ಚುವಂತೆ ಹೆಣೆದ ಬಳೆಗಳ ಜಾಲ: ಸೂಡಾನಿನ ರಾವುತನ ಶಿರಸ್ತ್ರಾಣವನ್ನು ಮೊದಲ ಸಲ ಕಂಡವರಿಗೆ ಅದು ಹತ್ತೊಂಬತ್ತನೆಯ ಶತಮಾನದ ಯುದ್ಧಸಾಮಗ್ರಿಯೆಂದು ತೋರುವುದೇ ಇಲ್ಲ. ನಮ್ಮ ಹಳೆಯ ಕಾವ್ಯಗಳು ಜೋಡು, ಸೀಸಕ ಎಂದು ಕರೆದ ವಸ್ತುಗಳೇ ಕಣ್ಣೆದುರು ಬಂದಂತಾಗುತ್ತದೆ. ಅಲ್ಲಿಗೆ ಹೋದ ಐರೋಪ್ಯರು ಇವನ್ನು ಶಿಲುಬೆಯ ಯುದ್ಧಗಳ ಕಾಲದಿಂದ ತಲೆಮಾರುಗಳ ಕೈದಾಟಿ ಬಂದ ಅವಶೇಷಗಳೆಂದು ಬಗೆದುದೂ ಉಂಟು. ಕಥೆ ಸೊಗಸಾಗಿದೆ. ಆದರೆ ಕವಚದ ಒಂದು ಬಳೆಯನ್ನು ಹತ್ತಿರ ಹಿಡಿದು ನೋಡಿದರೆ ಅದು ನಿಲ್ಲುವುದು ಕಷ್ಟ.

ಹಿಂದಿನ ಕಮ್ಮಾರನು ಪ್ರತಿಯೊಂದು ಬಳೆಯ ತುದಿಗಳನ್ನೂ ತಟ್ಟಿ ಚಪ್ಪಟೆಮಾಡಿ, ಒಂದರ ಮೇಲೊಂದಿಟ್ಟು, ತೂತು ಕೊರೆದು ಸಣ್ಣ ಮೊಳೆ ಬಡಿಯುತ್ತಿದ್ದನು. ಒಂದು ಅಂಗಿಗೆ ಇಂಥವು ಸಾವಿರಾರು ಬೇಕು. ಸೂಡಾನಿನಲ್ಲಿ ದೊರೆತ ಎಷ್ಟೋ ಕವಚಗಳಲ್ಲಿ ಈ ಮೊಳೆಯೇ ಇಲ್ಲ; ಬೀಗದ ಕೈಗಳನ್ನು ಪೋಣಿಸಿಕೊಳ್ಳಲು ನಾವು ಬಳಸುತ್ತೇವಲ್ಲ, ಆ ಬಗೆಯ ಎರಡು ಸುತ್ತಿನ ತಂತಿಬಳೆಗಳಿವೆ. ಅವು ಸಲಾದೀನನ ಕಾಲದವಲ್ಲ. ಈಜಿಪ್ಟಿನ ಖದೀವನ ಕವಚಧಾರಿ ರಾವುತರಿಗಾಗಿ ಇಂಗ್ಲೆಂಡಿನಲ್ಲಿ ತಯಾರಾದ ಸರಕು. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳ ಹೆಸರು ಇಲ್ಲಿ ಕೇಳಿಬರುತ್ತದೆ. 1883ರಲ್ಲಿ ಮಹದಿಯನ್ನು ಅಡಗಿಸಲು ಹೊರಟ ಹಿಕ್ಸ್ ಪಾಶಾನ ಸೈನ್ಯದಲ್ಲಿಯೂ ಇಂಥ ಉಕ್ಕಿನಂಗಿಯ ಸವಾರರಿದ್ದರು. ಆ ನವೆಂಬರಿನಲ್ಲಿ ಶೈಕಾನಿನ ಬಳಿ ಆ ಸೈನ್ಯ ಬಹುಮಟ್ಟಿಗೆ ನಾಶವಾಗಿ, ಅದರ ಆಯುಧಗಳು ಗೆದ್ದವರ ಪಾಲಾದವು.

ಆ ನೆಲದ್ದೇ ಎನ್ನಬೇಕಾದ ರಕ್ಷೆ ಬಟ್ಟೆಯದು. ಬಣ್ಣಬಣ್ಣದ ಅರಿವೆಯ ತುಂಡುಗಳನ್ನು ಕೂಡಿಸಿ, ನಡುವೆ ಬೂರುಗದ ಅರಳೆ ತುಂಬಿ ಹೊಲಿದ ಕುದುರೆಯ ಕವಚವೊಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ನೋಡಿದರೆ ನಮ್ಮ ಕೌದಿಯ ನೆನಪಾಗದಿರದು. ಈಟಿಯ ಮೊನೆಯನ್ನೂ ಕತ್ತಿಯ ಅಲಗನ್ನೂ ಇಂಥ ದಪ್ಪ ಹೊಲಿಗೆ ಒಂದಿಷ್ಟು ತಡೆಯಬಲ್ಲದು. ಬಿಸಿಲಿನ ನಾಡಿನಲ್ಲಿ ಅದನ್ನು ಹೊತ್ತು ಓಡಿದ ಕುದುರೆಯ ಪಾಡನ್ನು ಮಾತ್ರ ಯಾರೂ ಬರೆದಿಟ್ಟಂತಿಲ್ಲ!

ಕವಚ ತೊಟ್ಟವರಾದರೋ ಕೆಲವರೇ. ಮಹದಿಯ ಅನುಯಾಯಿಗಳ ಬಹುಸಂಖ್ಯೆಯ ಉಡುಪು ತೇಪೆ ಹಚ್ಚಿದ ಹತ್ತಿಯ ಜಿಬ್ಬಾ. ನಾವು ಜುಬ್ಬ ಎನ್ನುವುದೂ ಅದೇ ಅರಬ್ಬೀ ಶಬ್ದದಿಂದ ಬಂದುದು. ಬಡತನವನ್ನು ವ್ರತವಾಗಿ ಸ್ವೀಕರಿಸಿದ ಫಕೀರನ ಹರಕು ಬಟ್ಟೆಯ ಗುರುತು ಆ ತೇಪೆ. ಕಾಲಕ್ರಮದಲ್ಲಿ ಅದನ್ನು ಹೊಸ ಬಟ್ಟೆಯ ಮೇಲೆಯೇ ಅಂದವಾಗಿ ಹೊಲಿಯತೊಡಗಿದರು.

1898ರ ಸೆಪ್ಟೆಂಬರ್ 2ರಂದು ಒಮ್ದುರ್ಮಾನಿನ ಹೊರಗಿನ ಕರರಿ ಬಯಲಿನಲ್ಲಿ ಉಕ್ಕಿನಂಗಿಯವರೂ ತೇಪೆಯಂಗಿಯವರೂ ಒಂದೇ ಬೆಳಗಿನಲ್ಲಿ ಕಿಚನರನ ಮ್ಯಾಕ್ಸಿಮ್ ಗನ್ನುಗಳಿಗೆ ಎದುರಾದರು. ಖಲೀಫ ಅಬ್ದುಲ್ಲಾಹಿಯ ಕಡೆ ಸುಮಾರು 10,000 ಮಂದಿ ಸತ್ತರು. ಕಿಚನರನ ಕಡೆ 48. ಕತ್ತಿಗೆ ಜಗ್ಗದ ಬಳೆ ಗುಂಡಿಗೆ ಹರಿಯುತ್ತದೆ, ಹರಿದ ಚೂರುಗಳು ಗುಂಡಿನೊಡನೆ ಮೈಯನ್ನು ಹೊಗುತ್ತವೆ. ಆ ಹೊತ್ತಿಗೆ ಹತ್ತಿಯ ಜಿಬ್ಬಾ ತೊಟ್ಟವನೇ ವಾಸಿ.

ಕಾಳಗ ಮುಗಿದ ಮೇಲೆ ಸಿಪಾಯಿಗಳೂ ಅಧಿಕಾರಿಗಳೂ ಕತ್ತಿ, ಜಿಬ್ಬಾ, ಕವಚಗಳನ್ನು ನೆನಪಿನ ಕಾಣಿಕೆಗಳಾಗಿ ಆಯ್ದುಕೊಂಡರು. ಇಂಗ್ಲೆಂಡಿನಲ್ಲಿ ಹುಟ್ಟಿ, ಕೈರೋದ ಮಾರ್ಗವಾಗಿ ಸೂಡಾನನ್ನು ಸೇರಿದ್ದ ಬಳೆಯಂಗಿಗಳಲ್ಲಿ ಕೆಲವು ಹೀಗೆ ಪುನಃ ಇಂಗ್ಲೆಂಡಿಗೇ ಹೋಗಿ, ಪುರಾತನ ಆಯುಧಗಳ ಸಾಲಿನಲ್ಲಿ ಗೋಡೆಯೇರಿದವು.