ಪ್ಯಾರಾ ಎಂದರೆ ಐದು ಸಾಲಲ್ಲ

ಚೆನ್ನೈನಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಬರವಣಿಗೆ ಮೂರು ಭಾಷೆಗಳ ಕೆಲಸ. ಇಂಗ್ಲಿಷ್ ಇದ್ದೇ ಇದೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಹಂತಹಂತವಾಗಿ ಹತ್ತನೇ ತರಗತಿಯವರೆಗೂ ತಮಿಳು ಕಡ್ಡಾಯವಾಯಿತು. ಉಳಿದ ಹೊತ್ತಿನಲ್ಲಿ ಕನ್ನಡ. ಹೊತ್ತು ಕಡಿಮೆ ಎಂದಾಗ ಸಿದ್ಧ ಪ್ರಬಂಧವನ್ನು ಉರುಹೊಡೆಸುವುದೇ ಸುಲಭದ ದಾರಿಯಾಗಿ ಕಾಣುತ್ತದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಮೂರೂ ಇದ್ದರೆ ಪ್ರಬಂಧ ಆಯಿತು ಎಂಬ ನಂಬಿಕೆ ಹುಟ್ಟುವುದು ಇಲ್ಲೇ. ‘ಮಳೆಗಾಲ’ ಎಂದು ವಿಷಯ ಕೊಟ್ಟರೆ ಮಗು ಗೈಡಿನಲ್ಲಿದ್ದಂತೆ ಜೂನ್ ತಿಂಗಳಲ್ಲಿ ಮಳೆಗಾಲ ಆರಂಭವಾಗುತ್ತದೆ ಎಂದು ಬರೆಯುತ್ತದೆ. ಚೆನ್ನೈಗೆ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. 2015ರ ಡಿಸೆಂಬರ್ ಮೊದಲ ವಾರ ಅಡ್ಯಾರ್ ನದಿ ಉಕ್ಕಿ ಸೈದಾಪೇಟೆ, ಕೋಟ್ಟೂರುಪುರಂ ಮುಳುಗಿದ ಊರಿದು. ಮೂರೂ ಭಾಗ ಸರಿಯಾಗಿದ್ದು, ಬರೆದ ಮೊದಲ ಮಾತೇ ಸುಳ್ಳಾದರೆ ಆ ಚೌಕಟ್ಟಿನಿಂದ ಏನು ಪ್ರಯೋಜನ?

ಎರಡನೆಯ ನಂಬಿಕೆ ಲೆಕ್ಕದ್ದು: ಒಂದು ಪ್ಯಾರಾಕ್ಕೆ ಐದು ವಾಕ್ಯ, ಇಲ್ಲವೇ ಎಂಟು ಸಾಲು. ಪ್ಯಾರಾಕ್ಕೆ ಅಂಥ ಅಳತೆ ಇಲ್ಲ. ಅದಕ್ಕೆ ಬೇಕಾದದ್ದು ಒಂದೇ ಸಂಗತಿ, ಮತ್ತು ವಾಕ್ಯದಿಂದ ವಾಕ್ಯಕ್ಕೆ ಒಂದು ಕಾರಣದ ಎಳೆ. ಮಗುವೊಂದು ಹೀಗೆ ಬರೆದಿದೆ ಎಂದುಕೊಳ್ಳಿ:

“ನವೆಂಬರಿನಲ್ಲಿ ಜೋರು ಮಳೆ ಬಂತು. ಬೀದಿಯಲ್ಲಿ ನೀರು ನಿಂತಿತು. ಕರೆಂಟು ಹೋಯಿತು. ಮಳೆಯಿಂದ ರೈತರಿಗೆ ಬಹಳ ಲಾಭವಿದೆ. ಅಮ್ಮ ಬಿಂದಿಗೆಯಲ್ಲಿ ನೀರು ಹಿಡಿದಿಟ್ಟಳು.”

ಐದು ವಾಕ್ಯ ಆಯಿತು, ಲೆಕ್ಕ ಸರಿಹೋಯಿತು. ಆದರೆ ಇದು ಪ್ಯಾರಾ ಆಗಲಿಲ್ಲ. ರೈತರ ಮಾತು ಗೈಡಿನಿಂದ ಬಂದದ್ದು, ಅದನ್ನು ತೆಗೆದುಬಿಡೋಣ. ಉಳಿದದ್ದರಲ್ಲಿ ಬೆಲೆಬಾಳುವುದು ಕೊನೆಯ ವಾಕ್ಯ. ಹೊರಗೆ ಅಷ್ಟು ನೀರಿರುವಾಗ ಅಮ್ಮ ನೀರು ಹಿಡಿದಿಟ್ಟದ್ದೇಕೆ? ಈ ಒಂದು ಪ್ರಶ್ನೆ ಕೇಳಿದರೆ ಸಾಕು, ಮಗುವೇ ತಿದ್ದಿಕೊಳ್ಳಬಲ್ಲದು:

“ಮಳೆ ಜೋರಾದರೆ ಕರೆಂಟು ಹೋಗುತ್ತದೆಂದು ಅಮ್ಮನಿಗೆ ಗೊತ್ತಿತ್ತು. ಕರೆಂಟಿಲ್ಲದೆ ಮೋಟರು ಓಡುವುದಿಲ್ಲ, ಮೇಲಿನ ಟ್ಯಾಂಕಿಗೆ ನೀರು ಏರುವುದಿಲ್ಲ. ಬೀದಿಯ ನೀರು ಮೊಣಕಾಲಿಗೆ ಬರುವ ಮೊದಲೇ ಅವಳು ಬಿಂದಿಗೆ, ಬಕೆಟ್ಟು, ಕೊನೆಗೆ ಕುಕ್ಕರನ್ನೂ ತುಂಬಿಸಿಟ್ಟಳು.”

ಮೂರೇ ವಾಕ್ಯ, ಆದರೆ ಇದು ಪ್ಯಾರಾ. ಒಂದೊಂದು ವಾಕ್ಯವೂ ಹಿಂದಿನದನ್ನು ಹಿಡಿದುಕೊಂಡು ಬಂದಿದೆ.

ಪ್ಯಾರಾದ ಸಾರವೆಲ್ಲ ಮೊದಲ ವಾಕ್ಯದಲ್ಲೇ ಇರಬೇಕು ಎಂದು ಕಲಿಸುವವರು ಇದನ್ನು ಒಪ್ಪಲಾರರು. ಅಮ್ಮ ಮುಂದಾಲೋಚನೆಯವಳು ಎಂದು ಇಲ್ಲಿ ಎಲ್ಲೂ ಹೇಳಿಲ್ಲ, ಓದುವವರಿಗೆ ತಿಳಿದುಬಿಡುತ್ತದೆ. ಮೊದಲ ವಾಕ್ಯದ ಈ ಕಟ್ಟಳೆ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ 1866ರಲ್ಲಿ ಬರೆದ ಪಠ್ಯಪುಸ್ತಕದಿಂದ ಬಲ ಪಡೆಯಿತು. 1974ರಲ್ಲಿ ಅಮೆರಿಕದ ರಿಚರ್ಡ್ ಬ್ರ್ಯಾಡಕ್ ಒಳ್ಳೆಯ ಪತ್ರಿಕೆಗಳ 25 ಪ್ರಬಂಧಗಳನ್ನು ಹಿಡಿದು ಎಣಿಸಿ ನೋಡಿದರು. ಸಾರವಾಕ್ಯದಿಂದ ಶುರುವಾಗುವ ಪ್ಯಾರಾಗಳು ಸುಮಾರು ಶೇ. 13 ಮಾತ್ರ! ಕಲಿಯುವ ಆರಂಭದಲ್ಲಿ ಆ ಕ್ರಮ ಊರುಗೋಲಾಗಬಹುದು, ವರದಿ ಬರೆಯುವಾಗ ಅನುಕೂಲವೂ ಹೌದು. ಆದರೆ ಹಾಗೆ ಬರೆಯದಿದ್ದರೆ ಅಂಕ ಕಡಿಯುವುದು ಅನ್ಯಾಯ.

ಪ್ಯಾರಾ ಎನ್ನುವುದು ಭಾಷೆಯಷ್ಟೇ ಹಳೆಯದು, ಮುರಿಯಬಾರದ ನಿಯಮ ಎಂಬ ಭಾವನೆಯೂ ಇದೆ. ಚೆನ್ನೈನ ಸರಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಕನ್ನಡದ ತಾಳೆಗರಿಗಳಿವೆ. ಗರಿಯ ಬರಹದಲ್ಲಿ ಅಕ್ಷರಗಳು ಸಾಲು ತುಂಬ ಒತ್ತೊತ್ತಾಗಿ ಸಾಗುತ್ತವೆ, ಇಂದಿನಂಥ ಪ್ಯಾರಾ ಇರುವುದಿಲ್ಲ. ‘ವಡ್ಡಾರಾಧನೆ’ಯಂಥ ಹಳೆಯ ಗದ್ಯವನ್ನು ನಾವು ಪ್ಯಾರಾ ಪ್ಯಾರಾ ಆಗಿ ಓದುತ್ತಿರುವುದು ಅಚ್ಚಿನ ಕಾಲದ ಸಂಪಾದಕರಿಂದ. ಓದುವವನಿಗೆ ಅನುಕೂಲವಾಗಲೆಂದು ಬಂದ ಪದ್ಧತಿಯಿದು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ನಂಬಿಕೆ ಬೇರೊಂದು: ಚೆನ್ನಾಗಿ ಬರೆಯುವವರು ಒಂದೇ ಏಟಿಗೆ ಬರೆಯುತ್ತಾರೆ, ಚಿತ್ತು ಹಾಕುವವನು ದಡ್ಡ. ಇದಕ್ಕೆ ಉತ್ತರ ಈ ಊರಲ್ಲೇ ಇದೆ. ಕನ್ನಡದ ತಲೆಮಾರುಗಳು ಓದಿ ಬೆಳೆದ ಮಕ್ಕಳ ಪತ್ರಿಕೆ ‘ಚಂದಮಾಮ’ ಹೊರಡುತ್ತಿದ್ದದ್ದು ಮದ್ರಾಸಿನಿಂದ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದರು, 1949ರಲ್ಲಿ ಕನ್ನಡಕ್ಕೂ ಬಂತು. ತೆಲುಗು ಲೇಖಕ ಕೊಡವಟಿಗಂಟಿ ಕುಟುಂಬರಾವ್ 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕಾಗಿ ದುಡಿದರು. ಹೊರಗಿನಿಂದ ಬಂದ ಕತೆಗಳನ್ನು ತಿದ್ದಿ ಪತ್ರಿಕೆಯ ಧಾಟಿಗೆ ತರುತ್ತಿದ್ದರು. ತೆಲುಗಿನಲ್ಲಿ ಸಿದ್ಧವಾದ ಕತೆ ಆಮೇಲೆ ಕನ್ನಡಕ್ಕೆ ಅನುವಾದವಾಗಬೇಕು, ಚಿತ್ರಕ್ಕೆ ಹೊಂದಬೇಕು, ಕರಡಚ್ಚು ನೋಡಬೇಕು. ಮಗು ತಡೆಯಿಲ್ಲದೆ ಓದಿಕೊಂಡು ಹೋಗುವ ಆ ಸರಳ ಗದ್ಯದ ಹಿಂದೆ ಇಷ್ಟೂ ಕೈಗಳ ಕೆಲಸವಿತ್ತು.

ಟಿಪ್ಪಣಿ, ಕರಡು, ತಿದ್ದುಪಡಿ, ಶುದ್ಧಪ್ರತಿ ಎಂಬ ಹಂತಗಳನ್ನು ಈಗ ಹಲವು ಶಾಲೆಗಳು ಕಲಿಸುತ್ತವೆ. ಒಳ್ಳೆಯದೇ. ಆದರೆ ಅವನ್ನೂ ಒಂದಾದ ಮೇಲೊಂದು ಹತ್ತಬೇಕಾದ ಮೆಟ್ಟಿಲೆಂದು ತಿಳಿಯುವುದು ತಪ್ಪು. ಸಂಶೋಧಕರಾದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್, ಬರೆಯುತ್ತಿರುವವರಿಂದಲೇ ಮನಸ್ಸಿನಲ್ಲಿ ಓಡುವುದನ್ನು ಬಾಯಿಬಿಟ್ಟು ಹೇಳಿಸಿ, 1981ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಬರೆಯುವವರು ಯೋಚನೆ, ಬರಹ, ತಿದ್ದುಪಡಿಗಳ ನಡುವೆ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತಾರೆ. ಮೇಲಿನ ಮಗುವಿಗೂ ತನ್ನ ವಿಷಯ ಮಳೆಯಲ್ಲ, ಅಮ್ಮ ಎಂದು ಗೊತ್ತಾದದ್ದು ಕರಡು ಬರೆದ ಮೇಲೆ. ತಿದ್ದುವುದೆಂದರೆ ಒತ್ತಕ್ಷರ, ದೀರ್ಘ ಸರಿಮಾಡುವುದಷ್ಟೇ ಅಲ್ಲ. ಅಕ್ಷರದೋಷ ತಿದ್ದುವುದು ಕೊನೆಯಲ್ಲಿ ಮಾಡುವ ಕೆಲಸ.

ಕನ್ನಡ ಕಲಿಸುವ ತಂದೆ-ತಾಯಿಯರಲ್ಲಿ, ಶಿಕ್ಷಕರಲ್ಲಿ ಒಂದು ಬೇಡಿಕೆ. ವಾರಕ್ಕೊಂದು ಹೊಸ ಪ್ರಬಂಧ ಬರೆಸುವ ಬದಲು ಒಂದೇ ಪ್ಯಾರಾವನ್ನು ಎರಡು ಸಲ ಬರೆಸಿ. ಮೊದಲ ಸಲದ ಹಾಳೆಗೆ ಕೆಂಪು ಶಾಯಿ ಮುಟ್ಟಿಸಬೇಡಿ, ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಿರಿ. ಅಂಕ ಎರಡನೆಯದಕ್ಕೆ ಕೊಡಿ.